ಜಂಬೋ ಚೀಲವೋ, ಗೋಣಿಯೋ, ಟ್ಯಾಂಕೋ: ಕೊಳ್ಳುವ ಮೊದಲು ನೋಡಬೇಕಾದ್ದು

ಸೊಸೈಟಿಗೋ ಸಣ್ಣ ಕಾರ್ಖಾನೆಗೋ ಚೀಲ, ಟ್ಯಾಂಕು ತರಿಸುವಾಗ ‘ಸೆಣಬು ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು’ ಎಂದು ಹೊರಟರೆ ಲೆಕ್ಕ ತಪ್ಪುತ್ತದೆ. ಕಾರವಾರದ ಉಪ್ಪುಗಾಳಿಗೆ, ಶಿರಸಿಯ ಮಳೆಗೆ ಅದು ಎಷ್ಟು ವರ್ಷ ತಾಳುತ್ತದೆ, ಹರಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೇ ನಿಜವಾದ ಅಳತೆ.

1. ಮೊದಲು ಸರಕು ನೋಡಿ. ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ) ಅಡಿಕೆಗೆ ಗಾಳಿಯಾಡಬೇಕು, ಗೋಣಿಚೀಲ ಸರಿ. ಆದರೆ ಸೆಣಬು ತೇವವನ್ನೂ ಹೀರುತ್ತದೆ. ಆಷಾಢದಲ್ಲಿ ಬರಿನೆಲದ ಮೇಲಿಟ್ಟರೆ ಚೀಲಕ್ಕೂ ಅಡಿಕೆಗೂ ಬೂಸ್ಟು. ಒಂದು ಚೀಲ ಅಡಿಕೆ ಕೆಟ್ಟರೆ ವರ್ಷದ ನೀರು, ಗೊಬ್ಬರ, ದುಡಿಮೆ ಎಲ್ಲವೂ ಹೋದಂತೆ. ಸಾಣಿಕಟ್ಟಾದ ಉಪ್ಪಿಗಾದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಚೀಲವೇ ಬೇಕು. ಕಬ್ಬಿಣದ ಡ್ರಮ್ಮಿಗೆ ತುಕ್ಕು ಹಿಡಿಯುತ್ತದೆ.

2. ಜಂಬೋ ಚೀಲದ, ಅಂದರೆ ಟನ್‌ಗಟ್ಟಲೆ ಸರಕು ತುಂಬಿ ಎತ್ತುವ ಪಾಲಿಪ್ರೊಪಿಲೀನ್ ನೂಲಿನ ದೊಡ್ಡ ಚೀಲದ, ಲೇಬಲ್ ಓದಿ. ಬರೆದ ತೂಕದ ಎಷ್ಟು ಪಟ್ಟು ಭಾರ ತಾಳುತ್ತದೆ ಎಂಬ ಸುರಕ್ಷತೆಯ ಅನುಪಾತ ಅದರಲ್ಲಿರುತ್ತದೆ. 5:1 ಎಂದಿದ್ದರೆ ಒಂದೇ ಸಲದ ಬಳಕೆಗೆ, 6:1 ಇದ್ದರೆ ಮತ್ತೆ ಮತ್ತೆ ಬಳಸಲು. ಎರಡನೆಯದನ್ನೇ ಕೊಳ್ಳಿ. ಬಿಸಿಲಲ್ಲಿ ಬಿಟ್ಟರೆ ನೂಲು ಪುಡಿಯಾಗಿ ಮಣ್ಣು ಸೇರುತ್ತದೆ, ಚಪ್ಪರದಡಿ ಇಡಿ.

3. ಸಾವಿರ ಲೀಟರಿನ ಟ್ಯಾಂಕಿಗೆ ಹೆಚ್ಚು ಯೋಚಿಸಬೇಕು. ಒಳಗೆ ಎಚ್‌ಡಿಪಿಇ ಪ್ಲಾಸ್ಟಿಕ್, ಹೊರಗೆ ಸತುವು ಲೇಪಿಸಿದ ಉಕ್ಕಿನ ಪಂಜರ. ಅದಿರಿನಿಂದ ಒಂದು ಟನ್ ಉಕ್ಕು ಮಾಡಲು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂಥ ಪಂಜರ ಎರಡು ವರ್ಷಕ್ಕೆ ಗುಜರಿ ಸೇರಿದರೆ ನನಗೆ ಹೊಟ್ಟೆ ಉರಿಯುತ್ತದೆ. ಒಳಗಿನ ಪ್ಲಾಸ್ಟಿಕ್ಕನ್ನಷ್ಟೇ ಬದಲಿಸಿ ಕೊಡುತ್ತೀರಾ ಎಂದು ಮಾರುವವರನ್ನು ಕೇಳಿ. ಕಡಲ ಬದಿಯಲ್ಲಿ ಉಪ್ಪು ಸತುವನ್ನು ಬೇಗ ತಿನ್ನುವುದರಿಂದ ಪಂಜರವನ್ನು ಆಗಾಗ ಸಿಹಿನೀರಲ್ಲಿ ತೊಳೆಯಿರಿ. ಟ್ಯಾಂಕು ಕೂರುವ ಅಡಿಯ ಚೌಕಟ್ಟು (ಪ್ಯಾಲೆಟ್) ಮರದ್ದಾದರೆ ಮಳೆಗೆ ಕುಂಬಾಗಬಹುದು, ಆದರೆ ಮುರಿದ ಹಲಗೆಯನ್ನು ಊರಿನ ಬಡಗಿಯೇ ಬದಲಿಸಿಕೊಡುತ್ತಾರೆ.

4. ಹಳೆಯ ಟ್ಯಾಂಕು ತರುವುದಾದರೆ ಮೊದಲೇನು ತುಂಬಿತ್ತು ಎಂಬುದು ಗೊತ್ತಿರಲೇಬೇಕು. ಪ್ಲಾಸ್ಟಿಕ್ ರಾಸಾಯನಿಕವನ್ನು ಒಳಗೆ ಎಳೆದುಕೊಳ್ಳುತ್ತದೆ, ತೊಳೆದರೂ ಪೂರ್ತಿ ಬಿಡುವುದಿಲ್ಲ. ಲೇಬಲ್ ಕಿತ್ತಿದ್ದರೆ ಕುಡಿಯುವ ನೀರಿಗೆ, ಆಹಾರಕ್ಕೆ ಬೇಡವೇ ಬೇಡ. ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ. ಅಘನಾಶಿನಿ ನದಿಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರ ಊಟ ಆ ನೀರಿನಲ್ಲೇ ಇದೆ.

5. ಹರಿದ ಮೇಲೆ ಬೇರ್ಪಡಿಸಿ. ಜಂಬೋ ಚೀಲದೊಳಗಿನ ತೆಳು ಪಾಲಿಥೀನ್ ಹಾಳೆಯನ್ನು ಎಳೆದು ತೆಗೆಯಿರಿ. ಮರುಬಳಕೆಗೆ ಕರಗಿಸುವಾಗ ಚೀಲದೊಂದಿಗೆ ಅದೂ ಸೇರಿದರೆ ಪ್ಲಾಸ್ಟಿಕ್ಕಿನ ಗುಣ ಕೆಡುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಮರುಬಳಕೆಯ ತ್ರಿಕೋನದೊಳಗೆ 5 ಇದ್ದರೆ ಪಾಲಿಪ್ರೊಪಿಲೀನ್, 2 ಇದ್ದರೆ ಎಚ್‌ಡಿಪಿಇ. ಎರಡನ್ನೂ ಬೇರೆ ಬೇರೆ ಕಟ್ಟಿ, ಒಣಗಿಸಿ ಗುಜರಿಗೆ ಕೊಡಿ.