ಬಸುರಿಗೆ ನಾರಿನ ಊಟ: ಬಸ್ಸಾರಿನ ಪಲ್ಯ ಬಿಡಬೇಡಿ

ಬಸುರಿ ಇಬ್ಬರ ಊಟ ಮಾಡಬೇಕು ಅಂತ ಅನ್ನದ ಮೇಲೆ ಅನ್ನ ಬಡಿಸಬೇಡಿ. ಮೊದಲ ಮೂರು ತಿಂಗಳು ಸಾಮಾನ್ಯವಾಗಿ ಹೆಚ್ಚಿನ ಊಟವೇ ಬೇಕಿಲ್ಲ. ಆಮೇಲೂ ಮೊದಲಿನ ಊಟಕ್ಕಿಂತ ಹೆಚ್ಚಾಗಿ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲರಿ, ಅಂದರೆ 100 ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆ, ಜೊತೆಗೆ ಒಂದಿಷ್ಟು ಪಲ್ಯ, ಅಷ್ಟೇ. ಆ 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದಿನಕ್ಕೆ 25ರಿಂದ 30 ಗ್ರಾಂ ನಾರು ಹೊಟ್ಟೆಗೆ ಹೋದರೆ ಬೇಗ ಹಸಿವಾಗುವುದಿಲ್ಲ, ತೂಕವೂ ಅಳತೆ ಮೀರಿ ಏರುವುದಿಲ್ಲ. ಆದರೆ ಅನ್ನ ಉಂಡಾದ ಮೇಲೆ ಮುದ್ದೆಯನ್ನೂ ಉಂಡರೆ ಪ್ರಯೋಜನವಿಲ್ಲ, ಅನ್ನದ ಜಾಗಕ್ಕೆ ಮುದ್ದೆ ಬರಬೇಕು.

ಬಸ್ಸಾರು ಮಾಡುವ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತಲೇ ಇರುತ್ತದೆ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು, ಬಸುರಿಗೆ ಸಾರು ಮಾತ್ರ ಧಾರಾಳವಾಗಿ ಹಾಕುತ್ತಾರೆ. ನಾರೆಲ್ಲ ಉಳಿಯುವುದು ಬಸಿದ ಸೊಪ್ಪು ಕಾಳಿನಲ್ಲಿ. ಆ ಪಲ್ಯವನ್ನು ಒಂದು ಬಟ್ಟಲು ತುಂಬ ತಿನ್ನಿಸಿ. ಹೆಸರುಕಾಳನ್ನು 8 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆಯ ದಿನಕ್ಕೆ ಮೊಳಕೆ ಬಂದಿರುತ್ತದೆ. ಅದನ್ನು ಹಸಿಯಾಗಿ ಕೊಡಲೇಬೇಡಿ. ಮೊಳಕೆ ಬರಿಸುವ ಅದೇ ಬಿಸುಪು, ತೇವದಲ್ಲಿ ಕೆಟ್ಟ ರೋಗಾಣುಗಳೂ ಬೆಳೆಯುತ್ತವೆ, ಬಸುರಿಗೆ ಅದು ಅಪಾಯ. ಪೂರ್ತಿ ಮೆತ್ತಗಾಗುವ ತನಕ ಬೇಯಿಸಿ ಉಸಲಿ ಮಾಡಿ.

ಮುದ್ದೆ ಸರಿಯಾಗಿ ಬೆಂದಿರಬೇಕು, ಇಲ್ಲದಿದ್ದರೆ ಹೊಟ್ಟೆ ಭಾರ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಲು ಬಿಟ್ಟು, ಆಮೇಲೆ ಗಂಟಿಲ್ಲದಂತೆ ತೊಳಸಿ. ಒದ್ದೆ ಬೆರಳಿಂದ ಮುಟ್ಟಿದರೆ ಅಂಟಬಾರದು.

ಒಂದೇ ದಿನಕ್ಕೆ ಎಲ್ಲ ಬದಲಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲ ವಾರ ರಾತ್ರಿಯ ಅನ್ನ ಅರ್ಧ ಮಾಡಿ ಸಣ್ಣ ಮುದ್ದೆ, ಮುಂದಿನ ವಾರ ಪಲ್ಯ ಹೆಚ್ಚು, ಆಮೇಲೆ ಸಂಜೆ ಬಿಸ್ಕತ್ತಿನ ಬದಲು ಸಿಪ್ಪೆ ಸಮೇತ ತೊಳೆದ ಸೀಬೆಹಣ್ಣು. ನೀರು ಮಾತ್ರ ಮೊದಲ ದಿನದಿಂದಲೇ ಎಂಟು ಹತ್ತು ಲೋಟ ಬೇಕು. ನೀರಿಲ್ಲದ ನಾರು ಕರುಳಲ್ಲಿ ಇನ್ನೂ ಗಟ್ಟಿಯಾಗಿ ಮಲಬದ್ಧತೆ ಹೆಚ್ಚುತ್ತದೆ.

ಕಬ್ಬಿಣದ ಮಾತ್ರೆಯಿಂದಲೂ ಮಲ ಗಟ್ಟಿಯಾಗುತ್ತದೆ. ಹಾಗಂತ ಮಾತ್ರೆ ಬಿಡಬಾರದು. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಗಳಿಂದ ಎರಡು ಗಂಟೆ ದೂರವಿಟ್ಟು, ನಿಂಬೆ ನೀರಿನ ಜೊತೆ ನುಂಗಲಿ. ಹೊಟ್ಟೆ ಕಟ್ಟಿದೆ ಅಂತ ಹರಳೆಣ್ಣೆ ಕುಡಿಸಬೇಡಿ, ಗರ್ಭಕೋಶ ಹಿಂಡಿ ನೋವು ಬರಬಹುದು. ಮೂರು ದಿನವಾದರೂ ಮಲ ಆಗದಿದ್ದರೆ, ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದೆ ಅಂದವರು ಮುದ್ದೆಯ ಗಾತ್ರವನ್ನೂ ಡಾಕ್ಟರನ್ನೇ ಕೇಳಿ ಗೊತ್ತುಮಾಡಿಕೊಳ್ಳಲಿ, ರಾಗಿಯಲ್ಲೂ ಪಿಷ್ಟ ಸಾಕಷ್ಟಿದೆ.