ಪ್ರಾಪ್ ಡೆಸ್ಕೋ, ಸ್ವಂತ ಖಾತೆಯೋ: ನಾನು ಲೆಕ್ಕ ಹಾಕಿದ ಬಗೆ

ಪ್ರಾಪ್ ಫರ್ಮ್ (ತನ್ನದೇ ದುಡ್ಡಿನಲ್ಲಿ ಟ್ರೇಡ್ ಮಾಡುವ ಸಂಸ್ಥೆ) ಸೇರಬೇಕೋ, ಸ್ವಂತ ಖಾತೆಯಲ್ಲೇ ಟ್ರೇಡ್ ಮಾಡಬೇಕೋ ಎಂದು ಯೋಚಿಸುವವರು ಮೊದಲು ಮೂರು ತಿಂಗಳ ಕಾಂಟ್ರ್ಯಾಕ್ಟ್ ನೋಟುಗಳನ್ನು (ಬ್ರೋಕರ್ ಕಳಿಸುವ ವಹಿವಾಟಿನ ಬಿಲ್ಲು) ತೆಗೆದಿಟ್ಟುಕೊಳ್ಳಿ. ಒಂದು ಲಾಟ್ (ಒಮ್ಮೆಗೆ ವಹಿವಾಟು ಮಾಡಬಹುದಾದ ಕನಿಷ್ಠ ಗಾತ್ರ) ಮಾರಿ ಕೊಳ್ಳುವಷ್ಟರಲ್ಲಿ ಎಷ್ಟು ಖರ್ಚಾಗಿದೆ ಎಂದು ಬರೆಯಿರಿ. ನಾನು ತೀರ್ಮಾನಕ್ಕೆ ಬಂದದ್ದು ಈ ಲೆಕ್ಕದಿಂದಲೇ. ನನ್ನದು ನಿಫ್ಟಿ ಆಪ್ಷನ್ (ನಿಫ್ಟಿ ಸೂಚ್ಯಂಕವನ್ನು ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ಒಪ್ಪಂದ), ಅದೇ ದಿನ ಮುಗಿಸುವ ವಹಿವಾಟು. ಮುಂದೆ ಬರೆದಿರುವುದೆಲ್ಲ ಅದಕ್ಕೆ ಅನ್ವಯಿಸುತ್ತದೆ.

2026ರ ಜನವರಿಯಲ್ಲಿ ಒಂದು ಲಾಟ್ ಎಂದರೆ 65 ಯೂನಿಟ್. ನೂರು ರೂಪಾಯಿ ಪ್ರೀಮಿಯಂನ (ಒಂದು ಯೂನಿಟ್ ಆಪ್ಷನ್ನಿನ ಬೆಲೆ) ಒಂದು ಲಾಟ್ ಮಾರಿ ಹೆಚ್ಚುಕಮ್ಮಿ ಅದೇ ಬೆಲೆಗೆ ವಾಪಸ್ ಕೊಂಡರೆ ಮಾರಾಟಕ್ಕೆ 6,500, ಖರೀದಿಗೆ 6,500. ಎಸ್‌ಟಿಟಿ (ಷೇರುಪೇಟೆ ವಹಿವಾಟಿನ ತೆರಿಗೆ) ಮಾರಾಟದ ಮೇಲೆ ಮಾತ್ರ. 2024ರ ಅಕ್ಟೋಬರ್ 1ರಿಂದ 2026ರ ಮಾರ್ಚ್ ಕೊನೆಯವರೆಗೆ ಇದ್ದ 0.1% ದರದಲ್ಲಿ 6.50 ರೂಪಾಯಿ. ಎಕ್ಸ್‌ಚೇಂಜ್ ಶುಲ್ಕ ಸುಮಾರು 0.035%, ಎರಡೂ ಕಡೆ ಸೇರಿ 4.55. ಡಿಸ್ಕೌಂಟ್ ಬ್ರೋಕರ್ ಆರ್ಡರಿಗೆ 20ರಂತೆ 40. ಬ್ರೋಕರೇಜ್ ಮತ್ತು ಎಕ್ಸ್‌ಚೇಂಜ್ ಶುಲ್ಕದ ಮೇಲೆ 18% ಜಿಎಸ್‌ಟಿ, 8 ರೂಪಾಯಿ. ಸ್ಟ್ಯಾಂಪ್ ಡ್ಯೂಟಿ 20 ಪೈಸೆ. ಒಟ್ಟು 59 ರೂಪಾಯಿ. ಅಂದರೆ ಬೆಲೆ 0.9 ಪಾಯಿಂಟ್ ನಮ್ಮ ಕಡೆ ಸರಿದ ಮೇಲೆ ಅಸಲು ಹುಟ್ಟುತ್ತದೆ. ದರ ಬದಲಾದಾಗಲೆಲ್ಲ ಈ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಪ್ರಾಪ್ ಡೆಸ್ಕಿನಲ್ಲಿ ಸಂಸ್ಥೆಯೇ ಎಕ್ಸ್‌ಚೇಂಜ್ ಸದಸ್ಯ, ಬ್ರೋಕರೇಜ್ ಇಲ್ಲ. ಅದೇ ವಹಿವಾಟಿಗೆ 12 ರೂಪಾಯಿ. 59 ಎಲ್ಲಿ, 12 ಎಲ್ಲಿ ಎಂದು ಬಹಳ ಜನ ಇಲ್ಲೇ ಫರ್ಮಿಗೆ ಒಲಿಯುತ್ತಾರೆ. ಆದರೆ ಹತ್ತು ಲಾಟ್ ಒಂದೇ ಆರ್ಡರಿನಲ್ಲಿ ಹೋದರೂ ಬ್ರೋಕರೇಜ್ ಅದೇ 40. ಒಟ್ಟು ಖರ್ಚು 168, ಲಾಟಿಗೆ 17 ರೂಪಾಯಿ. ಫರ್ಮಿನಿಂದ ಉಳಿಯುವುದು ಲಾಟಿಗೆ ಐದೇ ರೂಪಾಯಿ. ಆ ಐದು ರೂಪಾಯಿಗಾಗಿ ಲಾಭದ ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಹಾಗಾದರೆ ಫರ್ಮ್ ನಿಜವಾಗಿ ಕೊಡುವುದೇನು? ಮಾರ್ಜಿನ್ (ವಹಿವಾಟಿಗೆ ಒತ್ತೆ ಇಡಬೇಕಾದ ಹಣ) ಮತ್ತು ವೇಗ. ಒಂದು ಲಾಟ್ ನಿಫ್ಟಿ ಆಪ್ಷನ್ ಮಾರಲು ಎರಡು ಲಕ್ಷದ ಆಸುಪಾಸು ಬೇಕು, ಎಕ್ಸ್‌ಪೈರಿ ದಿನ (ಆಪ್ಷನ್ ಅವಧಿ ಮುಗಿಯುವ ದಿನ) ಅದರ ಮೇಲೆ ಒಪ್ಪಂದದ ಮೌಲ್ಯದ ಇನ್ನೂ 2%. 2021ರ ಸೆಪ್ಟೆಂಬರಿನಿಂದ ಪೂರ್ತಿ ಮಾರ್ಜಿನ್ ಮುಂಗಡವಾಗಿಯೇ ಇರಬೇಕು, ಬ್ರೋಕರ್ ಸಾಲದ ಮೇಲೆ ನಡೆಸುವ ಕಾಲ ಮುಗಿಯಿತು. ಐದು ಲಕ್ಷ ಇದ್ದವರು ಎರಡು ಲಾಟಿನ ಮೇಲೆ ಹೋಗಲಾರರು, ಮೇಲಿನ ದರಗಳಲ್ಲಿ ಲಾಟಿಗೆ 36 ರೂಪಾಯಿ ಖರ್ಚು ತಪ್ಪಿದ್ದಲ್ಲ. ಅವರಿಗೆ ಒಳ್ಳೆಯ ಫರ್ಮ್ ಸಿಕ್ಕರೆ ಸೇರುವುದೇ ಸರಿ. ವೇಗದ ವಿಷಯ ಇನ್ನೂ ನೇರ. ಎನ್‌ಎಸ್‌ಇ ಕೋ-ಲೊಕೇಶನ್ (ಎಕ್ಸ್‌ಚೇಂಜಿನ ಪಕ್ಕದಲ್ಲೇ ಫರ್ಮುಗಳ ಸರ್ವರ್ ಇಡುವ ಜಾಗ) ಇರುವುದು ಮುಂಬೈಯಲ್ಲಿ. ಜಯನಗರದ ಮನೆಯಿಂದ ಹೊರಟ ಆರ್ಡರ್ ಮಿಲಿಸೆಕೆಂಡುಗಳಷ್ಟು ಹಿಂದೆ ಬೀಳುತ್ತದೆ. ಮಾರುಕಟ್ಟೆ ನಿಯಂತ್ರಕ ಸೆಬಿಯ 2024ರ ಸೆಪ್ಟೆಂಬರಿನ ಅಧ್ಯಯನದ ಪ್ರಕಾರ 2023-24ರಲ್ಲಿ ಪ್ರಾಪ್ ಟ್ರೇಡರ್‌ಗಳ ಲಾಭದ 96% ಅಲ್ಗೋದಿಂದಲೇ (ತಾನಾಗಿ ಆರ್ಡರ್ ಹಾಕುವ ಪ್ರೋಗ್ರಾಂ) ಬಂದಿತ್ತು. ಮೌಸ್ ಹಿಡಿದು ಕೈಯಿಂದ ಟ್ರೇಡ್ ಮಾಡುವವರಿಗೆ ಆ ಡೆಸ್ಕಿನಲ್ಲಿ ಕೂತ ಮಾತ್ರಕ್ಕೆ ಆ ಲಾಭ ಬರುವುದಿಲ್ಲ.

ಆಫರ್ ಲೆಟರಿನಲ್ಲಿ "40% ಪ್ರಾಫಿಟ್ ಶೇರ್" ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ, ಯಾವುದರ 40% ಎಂದು ಕೇಳಿ. ಮೊದಲ ತಿಂಗಳು 3 ಲಕ್ಷ ಲಾಭ, ಎರಡನೆಯದು 2 ಲಕ್ಷ ನಷ್ಟ, ಮೂರನೆಯದು 1 ಲಕ್ಷ ಲಾಭ ಎಂದಿಟ್ಟುಕೊಳ್ಳಿ. ತಿಂಗಳು ತಿಂಗಳಿಗೆ ಲೆಕ್ಕ ಮುಗಿಸುವುದಾದರೆ ಕೈಗೆ 1.6 ಲಕ್ಷ. ಹೈ-ವಾಟರ್ ಮಾರ್ಕ್ ಇದ್ದರೆ, ಅಂದರೆ ಹಿಂದಿನ ಗರಿಷ್ಠ ಮಟ್ಟ ದಾಟಿದ ಮೇಲಷ್ಟೇ ಪಾಲು ಸಿಗುವುದಾದರೆ, 1.2 ಲಕ್ಷ. ಮೂರು ತಿಂಗಳ ಒಟ್ಟು ಲೆಕ್ಕವಾದರೆ 80 ಸಾವಿರ. ಅದರ ಮೇಲೆ ತಿಂಗಳಿಗೆ 25 ಸಾವಿರ ಡೆಸ್ಕ್ ಖರ್ಚನ್ನು ಮೊದಲೇ ಕಳೆದರೆ 50 ಸಾವಿರ. ಮೂರೂ ತಿಂಗಳು ಟ್ರೇಡ್ ಅವೇ, ಶೇಕಡಾವಾರೂ ಅದೇ! ನಾನು ಇಂಥ ಮೂರು ತಿಂಗಳ ಕಾಲ್ಪನಿಕ ಲೆಕ್ಕ ಕಳಿಸಿ, ಎಷ್ಟು ಕೊಡುತ್ತೀರಿ ಎಂದು ಇಮೇಲಿನಲ್ಲೇ ಉತ್ತರ ಕೇಳುತ್ತೇನೆ. ಬಾಯಿಮಾತಿನ ಉತ್ತರ ಒಪ್ಪುವುದಿಲ್ಲ. ಡ್ರಾಡೌನ್ ಮಿತಿ (ಎಷ್ಟು ನಷ್ಟದವರೆಗೆ ಬಿಡುತ್ತಾರೆ ಎಂಬುದು) ಎಷ್ಟು, ಅದು ದಿನದ್ದೋ ತಿಂಗಳದ್ದೋ, ಮಿತಿ ಮುಟ್ಟಿದರೆ ಪೊಸಿಷನ್ (ಇನ್ನೂ ಮುಗಿಸದ ವಹಿವಾಟು) ಮುಚ್ಚುವವರು ಯಾರು, ಬರೆದ ಕೋಡ್ ಯಾರದು, ಇವನ್ನೂ ಅದೇ ಇಮೇಲಿನಲ್ಲಿ ಕೇಳಿಬಿಡಿ. ಕೆಲಸದಲ್ಲಿ ಬರೆದ ಕೋಡ್ ಸಾಮಾನ್ಯವಾಗಿ ಸಂಸ್ಥೆಯದಾಗುತ್ತದೆ. ಸ್ವಂತ ಸ್ಟ್ರಾಟೆಜಿ ಇಟ್ಟುಕೊಂಡು ಸೇರುವವರು ಅದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ದಿನಾಂಕ ಸಮೇತ ದಾಖಲಿಸಿಕೊಳ್ಳಬೇಕು.

ಟ್ರೇಡರ್‌ನಿಂದಲೇ ಎರಡು ಲಕ್ಷ ಡಿಪಾಸಿಟ್ ಕೇಳಿ, ಹತ್ತು ಪಟ್ಟು ಲಿಮಿಟ್ ಕೊಡುತ್ತೇವೆ ಎನ್ನುವವರ ಕಡೆ ತಲೆ ಹಾಕಬೇಡಿ. ಪ್ರಾಪ್ ಎಂದರೆ ಸಂಸ್ಥೆ ತನ್ನ ದುಡ್ಡಿನಲ್ಲಿ ಆಡುವುದು. ನಿಮ್ಮ ದುಡ್ಡು ಹೋದರೆ ಗ್ರಾಹಕನಾಗಿ ದೂರು ಕೊಡಲು ನಿಮ್ಮ ಹೆಸರಿನ ಖಾತೆಯೇ ಇರುವುದಿಲ್ಲ. ಆರ್ಡರ್ ಎಕ್ಸ್‌ಚೇಂಜಿಗೆ ಹೋಗದೆ ಅವರ ಪುಸ್ತಕದಲ್ಲೇ ಉಳಿದರೆ ಅದು ಡಬ್ಬಾ ಟ್ರೇಡಿಂಗ್, ಕಾನೂನುಬಾಹಿರ. ಐಎನ್‌ಝಡ್ ಎಂದು ಶುರುವಾಗುವ ನೋಂದಣಿ ಸಂಖ್ಯೆಯನ್ನು ಸೆಬಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಆಫರ್ ಲೆಟರಿನ ಹೆಸರೂ ಅಲ್ಲಿರುವ ಹೆಸರೂ ಅಕ್ಷರಶಃ ಒಂದೇ ಇರಬೇಕು. ಫೀಸ್ ಕಟ್ಟಿಸಿಕೊಂಡು ಫಾರೆಕ್ಸ್ "ಚಾಲೆಂಜ್" ನಡೆಸುವ ವಿದೇಶಿ ಆನ್‌ಲೈನ್ ಕಂಪನಿಗಳನ್ನು ನಾನು ಪ್ರಾಪ್ ಎಂದು ಎಣಿಸುವುದೇ ಇಲ್ಲ. ಅನುಮತಿಯಿಲ್ಲದ ಫಾರೆಕ್ಸ್ ವೇದಿಕೆಗಳ ಅಲರ್ಟ್ ಲಿಸ್ಟ್ ಆರ್‌ಬಿಐ ತಾಣದಲ್ಲಿದೆ.

ಸ್ವಂತವಾಗಿ ಮಾಡುವವರಿಗೆ ಬೆಂಗಳೂರಿನಲ್ಲಿ ಮೊದಲು ಕೈಕೊಡುವುದು ಕರೆಂಟ್, ಆಮೇಲೆ ಫೈಬರ್. ಯುಪಿಎಸ್‌ಗೆ ಲ್ಯಾಪ್‌ಟಾಪ್ ಜೊತೆ ರೂಟರನ್ನೂ ಫೈಬರ್ ಕಂಪನಿಯ ಓಎನ್‌ಟಿ ಡಬ್ಬಿಯನ್ನೂ ಸಿಕ್ಕಿಸಬೇಕು; ಓಎನ್‌ಟಿ ಮರೆತರೆ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ಎಪಿಐ ಬಳಸುವವರಿಗೆ, ಅಂದರೆ ಸ್ವಂತ ಪ್ರೋಗ್ರಾಂನಿಂದ ನೇರವಾಗಿ ಆರ್ಡರ್ ಕಳಿಸುವವರಿಗೆ, ಇನ್ನೊಂದು ತೊಡಕು. 2025ರ ಫೆಬ್ರವರಿಯ ಸೆಬಿ ಸುತ್ತೋಲೆಯ ನಂತರ ಬ್ರೋಕರ್ ಬಳಿ ನೋಂದಾಯಿಸಿದ ಸ್ಟ್ಯಾಟಿಕ್ ಐಪಿಯಿಂದ (ಬದಲಾಗದ ಇಂಟರ್ನೆಟ್ ವಿಳಾಸ) ಮಾತ್ರ ಆರ್ಡರ್ ಹೋಗಬೇಕು. ಫೈಬರ್ ಹೋದಾಗ ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸಿದರೆ ಐಪಿ ಬದಲಾಗುತ್ತದೆ, ಸ್ಟಾಪ್‌ಲಾಸ್ ಆರ್ಡರೂ ತಿರಸ್ಕೃತವಾಗುತ್ತದೆ. ಅದಕ್ಕೆ ನಾನು ಪ್ರೋಗ್ರಾಂ ಅನ್ನು ಮುಂಬೈನ ಕ್ಲೌಡ್ ಸರ್ವರಿನಲ್ಲಿ ನಡೆಸಿ, ಅದರ ಐಪಿಯನ್ನೇ ನೋಂದಾಯಿಸಿದ್ದೇನೆ. ಮನೆಯ ಲೈನ್ ಸತ್ತರೂ ಅದು ನಡೆಯುತ್ತಿರುತ್ತದೆ, ತುರ್ತಿಗೆ ಪೊಸಿಷನ್ ಮುಚ್ಚಲು ಮೊಬೈಲ್ ಆ್ಯಪ್ ಇದ್ದೇ ಇದೆ.

ಮನೆ ಖರ್ಚನ್ನು ಟ್ರೇಡಿಂಗ್ ದುಡ್ಡಿನಿಂದ ಪೂರ್ತಿ ಬೇರೆ ಇಡಿ. ಬಾಡಿಗೆ, ಶಾಲೆ ಫೀಸ್, ಇನ್ಶೂರೆನ್ಸ್ ಸೇರಿಸಿ ಕನಿಷ್ಠ ಒಂದು ವರ್ಷದ್ದು, ಎಫ್‌ಡಿಯಲ್ಲಿ. ಅಡ್ವಾನ್ಸ್ ಎಂದು ಮನೆ ಮಾಲೀಕರ ಹತ್ತಿರ ಇರುವ ಹಣವನ್ನು ಇದರಲ್ಲಿ ಎಣಿಸಬೇಡಿ.

ತೆರಿಗೆಯಲ್ಲಿ ಫರ್ಮಿನ ಸಂಬಳಕ್ಕೆ ಫಾರ್ಮ್ 16 ಬರುತ್ತದೆ, ಮನೆ ಸಾಲಕ್ಕೆ ಬ್ಯಾಂಕ್ ಬೇಗ ಒಪ್ಪುತ್ತದೆ. ಸ್ವಂತ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆದಾಯ ವ್ಯಾಪಾರದ ಆದಾಯ, ಐಟಿಆರ್-3 ತುಂಬಬೇಕು, ಬ್ಯಾಂಕು ಎರಡು ಮೂರು ವರ್ಷದ ರಿಟರ್ನ್ ಕೇಳುತ್ತದೆ. ನಷ್ಟದ ವರ್ಷವೂ ಗಡುವಿನೊಳಗೇ ರಿಟರ್ನ್ ಹಾಕಿ. ಆಗ ಮಾತ್ರ ಆ ನಷ್ಟವನ್ನು ಮುಂದಿನ ಎಂಟು ವರ್ಷದ ವ್ಯಾಪಾರದ ಲಾಭಕ್ಕೆ ವಜಾ ಹಾಕಿಕೊಳ್ಳಲು ಬರುತ್ತದೆ.