ಪಿಟ್ಯೂಟರಿ ಗಡ್ಡೆ ಗೋಡೆ ದಾಟಿದೆಯಾ? ಸ್ಕ್ಯಾನ್ ಒಂದನ್ನೇ ನಂಬದೆ ನಾನು ಕಂಡುಕೊಂಡ ದಾರಿ

ಪಿಟ್ಯೂಟರಿ ಅಂದರೆ ಮೆದುಳಿನ ಬುಡದಲ್ಲಿರುವ ಹಾರ್ಮೋನ್ ಗ್ರಂಥಿ. ಅದರ ಪಕ್ಕದ ಗೋಡೆಯ ಆಚೆ ಇರುವುದು ಕ್ಯಾವರ್ನಸ್ ಸೈನಸ್, ಕ್ಯಾರೊಟಿಡ್ ರಕ್ತನಾಳ ಹಾದುಹೋಗುವ ಸಿರೆಗಳ ಜಾಗ. ಗಡ್ಡೆ ಆ ಕಡೆಗೆ ಎಷ್ಟು ಹರಡಿದೆ ಅಂತ ಎಂಆರ್‌ಐ ನೋಡಿ 0ರಿಂದ 4ರವರೆಗೆ ಕೊಡುವ ಅಂಕವೇ ಕ್ನೋಸ್ಪ್ ಗ್ರೇಡ್. ಅದೊಂದನ್ನೇ ನೋಡಿ "ಈ ಗಡ್ಡೆ ಮತ್ತೆ ಬರುತ್ತೆ, ಇದು ಬರಲ್ಲ" ಅಂತ ರೋಗಿಗೆ ಹೇಳುವುದನ್ನು ನಾನು ಬಿಟ್ಟು ಏಳೆಂಟು ವರ್ಷವಾಯಿತು. ಈಗ ಮೂರು ಕಡೆಯಿಂದ ನೋಡುತ್ತೇನೆ. ಸ್ಕ್ಯಾನ್ ಏನು ಹೇಳಿತು, ಎಂಡೋಸ್ಕೋಪ್‌ನಲ್ಲಿ (ಆಪರೇಷನ್ ವೇಳೆ ಒಳಗೆ ನೋಡುವ ಕ್ಯಾಮೆರಾ ಕೊಳವೆ) ಗೋಡೆ ಹೇಗೆ ಕಂಡಿತು, ಪೆಥಾಲಜಿಯವರು ಏನು ಬರೆದರು. ಆಪರೇಷನ್‌ನಲ್ಲಿ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರ ಇಲ್ಲದ, ಆಪರೇಷನ್ ನಡುವೆ ಎಂಆರ್‌ಐ ಮಾಡುವ ಸೌಕರ್ಯ ಇಲ್ಲದ ಹುಬ್ಬಳ್ಳಿ ಕಡೆಯ ಆಸ್ಪತ್ರೆಯಲ್ಲಿ ಇದು ಆಗುವ ಕೆಲಸವಲ್ಲ ಅಂದವರೇ ಜಾಸ್ತಿ. ಆಗಿದೆ, ಚೆನ್ನಾಗಿಯೇ ಆಗಿದೆ. ಪ್ರೊಲ್ಯಾಕ್ಟಿನ್ ಹಾರ್ಮೋನ್ ಮಾಡುವ ಗಡ್ಡೆಗಳನ್ನು, ಅಂದರೆ ಪ್ರೊಲ್ಯಾಕ್ಟಿನೋಮಾಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅವು ಹೆಚ್ಚಿನವು ಕ್ಯಾಬರ್ಗೋಲಿನ್ ಮಾತ್ರೆಗೇ ಬಗ್ಗುತ್ತವೆ, ನಮ್ಮ ಟೇಬಲ್‌ವರೆಗೆ ಬರುವುದು ಕಡಿಮೆ.

ವಿಯೆನ್ನಾದ ಸರ್ಜನ್ ಕ್ನೋಸ್ಪ್ 1993ರಲ್ಲಿ ಸ್ಕ್ಯಾನ್ ಮೇಲೆ ಕ್ಯಾರೊಟಿಡ್ ಸುತ್ತ ಎಳೆದ ಗೆರೆಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ. ಆದರೆ ವಿಯೆನ್ನಾದವರೇ 2015ರಲ್ಲಿ ಎಂಡೋಸ್ಕೋಪ್‌ನಿಂದ ಒಳಗೆ ನೋಡಿ ಲೆಕ್ಕ ಕೊಟ್ಟರು. ನಿಜವಾಗಿ ಕ್ಯಾವರ್ನಸ್ ಸೈನಸ್ ಒಳಗೆ ಹೋಗಿದ್ದವು ಗ್ರೇಡ್ 1ರಲ್ಲಿ ನೂರಕ್ಕೆ ಒಂದೋ ಎರಡೋ, ಗ್ರೇಡ್ 2ರಲ್ಲಿ ಸುಮಾರು 10, 3ಎಯಲ್ಲಿ 26, 3ಬಿಯಲ್ಲಿ 70, ಗ್ರೇಡ್ 4ರಲ್ಲಿ ಎಲ್ಲವೂ. ಎರಡು ತುದಿಯಲ್ಲಿ ಯಾರಿಗೂ ಗೊಂದಲವಿಲ್ಲ. ನನ್ನ ರೋಗಿಗಳು ಜಾಸ್ತಿ ಇರುವುದು ನಡುವಿನ 2 ಮತ್ತು 3ಎಯಲ್ಲಿ. 3ಎ ಅಂದ ಕೂಡಲೇ "ಒಳಗೆ ಹೋಗಿದೆ" ಅಂತ ಬರೆದುಬಿಟ್ಟರೆ ನಾಲ್ವರಲ್ಲಿ ಮೂವರಿಗೆ ಸುಮ್ನೆ ಹೆದರಿಕೆ ಹುಟ್ಟಿಸಿದಂತೆ.

ಮೊದಲ ತಾಪತ್ರಯ ಸ್ಕ್ಯಾನ್‌ನದೇ. ಗದಗ, ಕೊಪ್ಪಳದಿಂದ ಬರುವವರ ಕೈಯಲ್ಲಿ ಮಾಮೂಲಿ ಬ್ರೇನ್ ಎಂಆರ್‌ಐ ಇರುತ್ತದೆ. 5 ಮಿಲಿಮೀಟರ್ ಸ್ಲೈಸ್. ಅದರಲ್ಲಿ ಗೋಡೆ ಹುಡುಕುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. ಮತ್ತೆ ಕಾಂಟ್ರಾಸ್ಟ್ ಹಾಕಿ ಮಾಡಿಸಿ ಅಂದರೆ ಏಳೆಂಟು ಸಾವಿರ. ಮನೆಯವರ ಮುಖ ಸಪ್ಪಗಾಗುತ್ತಿತ್ತು. ಕೊನೆಗೆ ಒಂದು ಸ್ಕ್ಯಾನ್ ಸೆಂಟರ್ ಜೊತೆ ಮಾತಾಡಿ, ಸೆಲ್ಲಾ (ಪಿಟ್ಯೂಟರಿ ಕೂರುವ ಎಲುಬಿನ ಗುಂಡಿ) ಮಾತ್ರ, 2 ಮಿಲಿಮೀಟರ್ ಕೊರೋನಲ್ (ಮುಖಕ್ಕೆ ಎದುರಾಗಿ ನೋಡಿದಂಥ) ಸ್ಲೈಸ್, ಟಿ2 (ಎಂಆರ್‌ಐನ ಒಂದು ಬಗೆಯ ಚಿತ್ರ) ಮತ್ತು ಕಾಂಟ್ರಾಸ್ಟ್ ಎರಡೂ, ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ದರಕ್ಕೆ ಮಾಡುವಂತೆ ಒಪ್ಪಿಸಿದೆ. ಆ ದರಕ್ಕೆ ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಎರಡನೆಯದು, ಗೋಡೆಯ ಚೂರನ್ನೇ ತೆಗೆದು ಪೆಥಾಲಜಿಗೆ ಕಳಿಸುವುದು. ಇದಕ್ಕೆ ಎಲ್ಲಕ್ಕಿಂತ ಹೆಚ್ಚು ವಿರೋಧ ಬಂತು. ಡ್ಯೂರಾ ಅಂದರೆ ಮೆದುಳಿನ ಗಟ್ಟಿ ಹೊರಪೊರೆ. ಒಂದು ಸಭೆಯಲ್ಲಿ ಹಿರಿಯರೊಬ್ಬರು, "ಡ್ಯೂರಾ ಕಳಿಸಿದ್ರೆ ಎಲ್ಲಾರದೂ ಪಾಸಿಟಿವ್ ಬರತೈತಿ, ಅದರಿಂದ ಏನ್ ಹೇಳ್ತೀರಿ?" ಅಂತ ಕೇಳಿದರು. ಅವರ ಮಾತಿಗೆ ಆಧಾರವಿದೆ. 1986ರಲ್ಲಿ ಸೆಲ್ಮನ್ ತಂಡ ಸೆಲ್ಲಾದ ಡ್ಯೂರಾವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ನೂರಕ್ಕೆ 85ರಲ್ಲಿ ಗಡ್ಡೆಯ ಕೋಶಗಳು ಸಿಕ್ಕಿದ್ದವು. ಸರ್ಜನ್ ಕಣ್ಣಿಗೆ ಕಂಡದ್ದು 40ರಲ್ಲಿ ಮಾತ್ರ. ಅಷ್ಟು ಜನರಲ್ಲಿ ಸಿಗುವ ವಿಷಯ ಯಾರ ಭವಿಷ್ಯವನ್ನೂ ಹೇಳಲಾರದು, ಒಪ್ಪುತ್ತೇನೆ. ಆದರೆ ನಾನು ಕಳಿಸುವುದು ತಳದ ಡ್ಯೂರಾ ಅಲ್ಲ. ಕ್ಯಾವರ್ನಸ್ ಸೈನಸ್‌ನ ಒಳಬದಿಯ ಗೋಡೆ, ಅಂದರೆ ಮೀಡಿಯಲ್ ವಾಲ್ ಮಾತ್ರ. ಅದರಲ್ಲೂ ಗಡ್ಡೆ ಅಂಟಿಕೊಂಡ ಜಾಗ ಮಾತ್ರ. ಈ ವ್ಯತ್ಯಾಸ ಹೇಳಿ ಹೇಳಿ ನನಗೆ ಸಾಕಾಗಿದೆ.

ಮೊದಮೊದಲು ಚೂರುಗಳೆಲ್ಲ ಹಾಳಾದವು. ಸಕ್ಷನ್‌ನಲ್ಲಿ ಕೆಲವು ಹೋದವು. ಬೈಪೋಲಾರ್ ಬಿಸಿಗೆ ಕೆಲವು ಸುಟ್ಟು ಕರಕಲಾದವು. ಸಿಕ್ಕವು ಫಾರ್ಮಲಿನ್ ಬಾಟಲಿಯಲ್ಲಿ ಸುರುಳಿ ಸುತ್ತಿಕೊಂಡವು. ಪೆಥಾಲಜಿ ಮೇಡಂ ಫೋನ್ ಮಾಡಿ, "ಸರ್, ಇದರಲ್ಲಿ ಒಳಗಿನ ಮಗ್ಗಲು ಯಾವುದು, ಹೊರಗಿನದು ಯಾವುದು? ನನಗೆ ಗೊತ್ತಾಗ್ತಿಲ್ಲ" ಅಂದರು. ಈಗ ಚೂರನ್ನು ಸಣ್ಣ ಫಿಲ್ಟರ್ ಪೇಪರ್ ಮೇಲೆ ಹರಡಿ, ಸೈನಸ್ ಕಡೆಯ ಮಗ್ಗಲಿಗೆ ಇಂಡಿಯಾ ಇಂಕ್ ಹಚ್ಚಿ, ಎರಡು ನಿಮಿಷ ಬಿಟ್ಟು ಬೇರೆ ಬಾಟಲಿಗೆ ಹಾಕುತ್ತೇವೆ. ಖರ್ಚು ಹತ್ತು ರೂಪಾಯಿಯೂ ಇಲ್ಲ. ಗೋಡೆಯನ್ನು ಹರಿಯದೆ ಬಿಡಿಸುವುದಕ್ಕೆ ಒಂದು ಕ್ಯುರೆಟ್‌ನ (ಕೆರೆದು ತೆಗೆಯುವ ಸಣ್ಣ ಉಪಕರಣ) ತುದಿಯನ್ನು ನನ್ನ ಕೈಗೆ ತಕ್ಕಂತೆ ಬಗ್ಗಿಸಿಕೊಂಡಿದ್ದೇನೆ. ಅದನ್ನು ಬರೆದು ವಿವರಿಸಲು ಆಗುವುದಿಲ್ಲ, ನೋಡಿಯೇ ಕಲಿಯಬೇಕು. ಕ್ಯಾರೊಟಿಡ್ ಎಲ್ಲಿದೆ ಅಂತ ಸದ್ದಿನಿಂದ ತಿಳಿಸುವ ಮೈಕ್ರೋ ಡಾಪ್ಲರ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮದು ಸೆಕೆಂಡ್ ಹ್ಯಾಂಡ್, ಒಂದೂವರೆ ಲಕ್ಷದ ಆಸುಪಾಸು ಬಿದ್ದಿತು. ಸಿರೆಯ ರಕ್ತ ಜೋರಾಗಿ ಬರುತ್ತದೆ. ದುಬಾರಿ ಸೀಲಂಟ್ ಪ್ರತಿ ಸಲ ಬೇಕಾಗಲ್ಲ. ತಲೆ ಸ್ವಲ್ಪ ಎತ್ತರಿಸಿ, ಜೆಲ್‌ಫೋಮ್ ಇಟ್ಟು, ಮೇಲೆ ಕಾಟನಾಯ್ಡ್ ಒತ್ತಿ ತಾಳ್ಮೆಯಿಂದ ಕಾಯ್ದರೆ ಹೆಚ್ಚಿನ ಸಲ ನಿಲ್ಲುತ್ತದೆ. ಹಾರ್ಮೋನ್ ಮಾಡದ ಗಡ್ಡೆಯಲ್ಲಿ ಗೋಡೆ ನಯವಾಗಿ, ಬೂದುಬಣ್ಣದಲ್ಲಿ ಹೊಳೆಯುತ್ತಿದ್ದರೆ ನಾನು ಅದನ್ನು ಮುಟ್ಟುವುದೇ ಇಲ್ಲ.

ಇಬ್ಬರು ರೋಗಿಗಳ ವಿಷಯ ಹೇಳಲೇಬೇಕು. ಒಬ್ಬರದು ದೊಡ್ಡ ಗಡ್ಡೆ, ಎಡಕ್ಕೆ 3ಎ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಇನ್ವೇಷನ್ ಅಂತಲೇ ಇತ್ತು. ಗಡ್ಡೆ ತೆಗೆದ ಮೇಲೆ 30 ಡಿಗ್ರಿ ಸ್ಕೋಪ್ ತಿರುಗಿಸಿ ನೋಡಿದರೆ ಗೋಡೆ ಹೊರಗೆ ಉಬ್ಬಿತ್ತು ಅಷ್ಟೆ. ಎಲ್ಲೂ ತೂತಿಲ್ಲ, ಅದರ ಹಿಂದೆ ಕ್ಯಾರೊಟಿಡ್ ಮಿಡಿಯುವುದು ಕಾಣುತ್ತಿತ್ತು. ಇನ್ನೊಬ್ಬರು ಅಕ್ರೊಮೆಗಲಿಯ (ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಕೈಕಾಲು ದಪ್ಪವಾಗುವ ರೋಗ) ಹೆಣ್ಣುಮಗಳು. ಉಂಗುರ ಬಿಗಿಯಾಗಿದೆ, ಚಪ್ಪಲಿ ಆಗುತ್ತಿಲ್ಲ ಅಂತ ಬಂದವರು. ಗ್ರೇಡ್ 2 ಅಷ್ಟೆ, ಎಲ್ಲರೂ ಸಲೀಸು ಅಂದುಕೊಂಡಿದ್ದರು. ಗೋಡೆಯ ಕೆಳಭಾಗದಲ್ಲಿ ಸಾಸಿವೆಯಷ್ಟು ತೂತು, ಅದರೊಳಗಿಂದ ಗಡ್ಡೆ ಇಣುಕುತ್ತಿತ್ತು. ಸಿಕ್ಕಷ್ಟು ತೆಗೆದೆವು. ಇಂಕ್ ಹಚ್ಚಿದ ಮಗ್ಗಲಿನಲ್ಲೂ ಕೋಶಗಳಿವೆ ಅಂತ ರಿಪೋರ್ಟ್ ಬಂತು. "ಐಜಿಎಫ್-1 (ಆ ಹಾರ್ಮೋನ್ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಪೂರ್ತಿ ಇಳಿಯಲ್ಲ, ಇಂಜೆಕ್ಷನ್ ಬೇಕಾಗಬಹುದು" ಅಂತ ಮೊದಲೇ ಮನೆಯವರಿಗೆ ಹೇಳಿದೆ. ಮೂರು ತಿಂಗಳಿಗೆ ಹಾಗೆಯೇ ಆಯಿತು. 3ಎ ಇದ್ದವರ ಸ್ಕ್ಯಾನ್ ಇವತ್ತಿಗೂ ಸ್ವಚ್ಛ. ಅದಾದ ಮೇಲೆ ನಮ್ಮ ಎಂಡೊಕ್ರಿನಾಲಜಿಸ್ಟ್ ವಾದ ಮಾಡುವುದನ್ನು ಬಿಟ್ಟರು.

ಮೂರನೆಯದು ಕೆಐ-67, ಅಂದರೆ ನೂರು ಕೋಶಗಳಲ್ಲಿ ಎಷ್ಟು ವಿಭಜನೆಯಲ್ಲಿವೆ ಅಂತ ತೋರಿಸುವ ಸ್ಟೇನ್. ಗೋಡೆ ದಾಟಿದ್ದು ಒಂದೇ ಸಾಲದು, ಗಡ್ಡೆ ಬೆಳೆಯುವ ವೇಗವೂ ಬೇಕು. 2013ರಲ್ಲಿ ಲಿಯಾನ್‌ನ ಟ್ರೂಯಾಸ್ ತಂಡ ಇವೆರಡನ್ನೂ ಜೋಡಿಸಿತು. ಅವರ ಪಟ್ಟಿಯಲ್ಲಿ (ಇದು ಕ್ನೋಸ್ಪ್ ಗ್ರೇಡ್ ಅಲ್ಲ) ಎರಡೂ ಇರುವ 2ಬಿಯಲ್ಲಿ, ಎರಡೂ ಇಲ್ಲದ 1ಎಗಿಂತ ಗಡ್ಡೆ ಮತ್ತೆ ಬೆಳೆಯುವ ಸಾಧ್ಯತೆ ಸುಮಾರು 12 ಪಟ್ಟು. ಕಾಗದದ ಮೇಲೆ ಸರಿ. ನಮ್ಮಲ್ಲಿ ಒಂದೇ ಬ್ಲಾಕ್‌ಗೆ ಒಂದು ಲ್ಯಾಬ್ 1 ಅಂದರೆ ಇನ್ನೊಂದು 4 ಅನ್ನುತ್ತಿತ್ತು. ನಮಗೆ ಬೇಕಾದ ಗೆರೆ ಇರುವುದೇ ನೂರಕ್ಕೆ 3ರಲ್ಲಿ! ಎಲ್ಲರೂ ಕಣ್ಣಂದಾಜಿನಲ್ಲಿ ಬರೆಯುತ್ತಿದ್ದರು. ಮೇಡಂ ಮತ್ತು ನಾನು ಸೇರಿ, ಹೆಚ್ಚು ಬಣ್ಣ ಹಿಡಿದ ಜಾಗದ ಫೋಟೋವನ್ನು ಐಪೀಸ್‌ನಿಂದ ಮೊಬೈಲಿನಲ್ಲೇ ತೆಗೆದು, ಪ್ರಿಂಟ್ ಹಾಕಿ, ಪೆನ್ನಿನಿಂದ ಗುರುತು ಮಾಡುತ್ತ ಸಾವಿರದಷ್ಟು ಕೋಶ ಎಣಿಸಲು ಶುರು ಮಾಡಿದೆವು. ಇಬ್ಬರು ಪಿಜಿ ವಿದ್ಯಾರ್ಥಿಗಳು ಬೇರೆ ಬೇರೆ ಎಣಿಸುತ್ತಾರೆ. ಈಗ ಇಬ್ಬರ ಲೆಕ್ಕಕ್ಕೂ ಅರ್ಧ ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬರುವುದು ಅಪರೂಪ. ಪ್ರಿಂಟ್‌ಗೆ ಇಪ್ಪತ್ತು ರೂಪಾಯಿ, ಸ್ಟೇನ್‌ಗೆ ಎರಡು ಸಾವಿರದ ಒಳಗೆ. ಮೈಟೋಸಿಸ್ (ಒಡೆಯುತ್ತಿರುವ ಕೋಶಗಳ ಎಣಿಕೆ), ಪಿ53 (ಇನ್ನೊಂದು ಸ್ಟೇನ್) ಕೂಡ ಅದೇ ಹಾಳೆಯಲ್ಲಿ ಬರೆಯುತ್ತೇವೆ.

ನಡುವೆ ಟಿ2ನಲ್ಲಿ ಗಡ್ಡೆಯ ಬಣ್ಣ ನೋಡಿ ಅದು ಮೆತ್ತಗಿದೆಯೋ ಗಟ್ಟಿಯೋ ಹೇಳಬಹುದಾ ಅಂತ ಒಂದು ವರ್ಷ ಬರೆದಿಟ್ಟೆವು. ನಮ್ಮ ಕೈಯಲ್ಲಿ ಕೂಡಿ ಬರಲಿಲ್ಲ, ಬಿಟ್ಟೆವು. ಅಕ್ರೊಮೆಗಲಿಯಲ್ಲಿ ಮಾತ್ರ ಅದೇ ಟಿ2 ಕೆಲಸಕ್ಕೆ ಬಂತು. ಕಪ್ಪಾಗಿ ಕಂಡ ಗಡ್ಡೆಗಳು ಆಕ್ಟ್ರಿಯೊಟೈಡ್ ಇಂಜೆಕ್ಷನ್‌ಗೆ ಚೆನ್ನಾಗಿ ಬಗ್ಗುತ್ತವೆ ಅಂತ ಓದಿದ್ದು ನಮ್ಮಲ್ಲೂ ನಿಜವಾಯಿತು. ದುಬಾರಿ ಇಂಜೆಕ್ಷನ್ ಯಾರಿಗೆ ಬರೆಯಬೇಕು ಅನ್ನುವುದಕ್ಕೆ ಇದು ದೊಡ್ಡ ಸಹಾಯ.

ನೆನಪಿನಿಂದ ಹೇಳುವುದಾದರೆ, ಮೂರೂ ಲೆಕ್ಕ ಪೂರ್ತಿ ಇರುವವರು 60-70 ಜನ. ಫಾಲೋ-ಅಪ್ ಹೆಚ್ಚಿನವರದು ನಾಲ್ಕು ವರ್ಷ ದಾಟಿದೆ. ಗೋಡೆ ಉಳಿದು ಕೆಐ-67 ಕೂಡ ಕಡಿಮೆ ಇದ್ದವರಲ್ಲಿ ಮತ್ತೆ ಬೆಳೆದದ್ದು ಒಂದೋ ಎರಡೋ. ಎರಡೂ ಕೆಟ್ಟಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ. ಒಂದು ಮಾತ್ರ ಕೆಟ್ಟಿದ್ದವರು ನಡುವೆ.

ದುಡ್ಡಿನ ಲೆಕ್ಕ ಬದಲಾದದ್ದು ಇಲ್ಲೇ. ಮೊದಲು ಎಲ್ಲರಿಗೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಬರೆಯುತ್ತಿದ್ದೆವು, ಖರ್ಚಿಗೆ ಹೆದರಿ ಅರ್ಧ ಜನ ಬರುತ್ತಲೇ ಇರಲಿಲ್ಲ. ಈಗ ಮೊದಲ ಗುಂಪಿಗೆ ಮೂರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು, ಆಮೇಲೆ ಎರಡು ವರ್ಷಕ್ಕೊಮ್ಮೆ. ಕೆಟ್ಟ ಗುಂಪಿಗೆ ಆರು ತಿಂಗಳಿಗೊಮ್ಮೆ ಕಡ್ಡಾಯ, ಉಳಿಕೆ ಬೆಳೆಯುವ ಲಕ್ಷಣ ಕಂಡರೆ ರೇಡಿಯೇಷನ್‌ಗೆ ತಡ ಮಾಡುವುದಿಲ್ಲ. "ಡಾಕ್ಟರ್ರೇ, ಮತ್ತ ಬೆಳೀತೈತೇನ್ರಿ?" ಅಂತ ಕೇಳಿದರೆ ಆ ಹಾಳೆ ತೆಗೆದು ತೋರಿಸಿಯೇ ಉತ್ತರ ಹೇಳುತ್ತೇನೆ.

ಈ ವರ್ಷದಿಂದ ಹಾರ್ಮೋನ್ ಮಾಡದ ಗಡ್ಡೆಗಳಿಗೆ ಟಿ-ಪಿಟ್ ಸ್ಟೇನ್ ಕೂಡ ಸೇರಿಸಿದ್ದೇವೆ. ಆ ಸ್ಟೇನ್ ಗುರುತಿಸುವ ಸೈಲೆಂಟ್ ಕಾರ್ಟಿಕೊಟ್ರೋಫ್‌ಗಳು (ಎಸಿಟಿಎಚ್ ಹಾರ್ಮೋನ್ ಕೋಶಗಳಿಂದ ಹುಟ್ಟಿದರೂ ಹಾರ್ಮೋನ್ ಲಕ್ಷಣ ತೋರಿಸದ ಗಡ್ಡೆಗಳು) ನಮ್ಮ ಹಾಳೆಯಿಂದ ತಪ್ಪಿಸಿಕೊಳ್ಳುತ್ತಿವೆ ಅನ್ನುವ ಅನುಮಾನ ನನಗಿದೆ. ನಿಮ್ಮಲ್ಲಿ ಗ್ರೇಡ್ 2 ಅಥವಾ 3ಎಯ ಗೋಡೆಯ ಸ್ಲೈಡ್‌ಗಳಿದ್ದರೆ ತನ್ನಿ, ನಮ್ಮವುಗಳ ಜೊತೆ ಇಟ್ಟು ನೋಡೋಣ. ಕ್ಯುರೆಟ್ ಬಗ್ಗಿಸುವುದನ್ನೂ ಆಗ ತೋರಿಸುತ್ತೇನೆ.